ಹೆಸರು ಅಣ್ಣನದು, ಲೆಕ್ಕ ತಂಗಿಯದು: ಡಿಜೆಗಳು ಹೆಸರು ಮಾಡಿದ ಕಥೆ

ಈ ಸಲದ ಎಪಿಸೋಡ್ ಶುರು ಆಗೋದು ದಾವಣಗೆರೆಯ ನಮ್ಮ ಮನೆ ಹಾಲ್‌ನಿಂದ. ಜನವರಿ 1ನೇ ತಾರೀಕು, ಬೆಳಗಿನ ಜಾವ 4 ಗಂಟೆ. ನನ್ನ ತಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಹೆಗಲ ಮೇಲೆ ಕಂಟ್ರೋಲರ್ ಬ್ಯಾಗು, ಕೈಯಲ್ಲಿ ಸುತ್ತಿದ ಕೇಬಲ್ಲು. ಊರಾಚೆಯ ಒಂದು ರೆಸಾರ್ಟಿನ ನ್ಯೂ ಇಯರ್ ಪಾರ್ಟಿಗೆ ಐದು ಗಂಟೆ ಡಿಜೆ ಮಾಡಿ ಬಂದಿದ್ದ. ಕಣ್ಣು ಕೆಂಪಗಿದ್ರೂ ಮುಖದಲ್ಲಿ ಖುಷಿ.

"ಎಷ್ಟು ಕೊಟ್ರು?" ಅಂದೆ.

"ದುಡ್ಡು ಕೊಡಲಿಲ್ಲ ಅಕ್ಕ. ಅವರ ಪೇಜಲ್ಲಿ ಟ್ಯಾಗ್ ಮಾಡ್ತಾರಂತೆ. ಎಕ್ಸ್‌ಪೋಶರ್ ಸಿಗುತ್ತಲ್ಲ."

ಟ್ಯಾಗ್ ಮಾಡಿದ್ರು, ನಿಜ. ಫಾಲೋವರ್ಸ್ 61 ಜನ ಜಾಸ್ತಿ ಆದ್ರು. ಕಂಟ್ರೋಲರ್ ಮೇಲಿನ ಇಎಂಐ ತಿಂಗಳಿಗೆ 4,200 ರೂಪಾಯಿ, ಅದು ಮಾತ್ರ ಕಮ್ಮಿ ಆಗಲಿಲ್ಲ. ಮಾರ್ಚ್ ಹೊತ್ತಿಗೆ ಅವನೇ ಬಂದು ಕೂತ. "ಅಕ್ಕ, ನೀನು ಬಿಕಾಂ ಮಾಡಿದೀಯ, ಪಾಡ್‌ಕಾಸ್ಟ್ ಬೇರೆ ಮಾಡ್ತೀಯ. ಈ ಊರಲ್ಲಿ ನನ್ನಂಥ ಡಿಜೆಗಳು ಗಲ್ಲಿಗೊಬ್ಬರು ಇದ್ದಾರೆ. ನಾನು ಬೇರೆ ಅಂತ ಜನಕ್ಕೆ ಗೊತ್ತಾಗೋದು ಹೆಂಗೆ? ಆಗಲ್ಲ ಅಂದ್ರೆ ಹೇಳಿಬಿಡು, ಕಂಟ್ರೋಲರ್ ಮಾರಿ ಕೆಲಸ ಹುಡುಕ್ತೀನಿ."

ಯೂಟ್ಯೂಬಲ್ಲಿ ಇದಕ್ಕೆ ಸಾವಿರ ವಿಡಿಯೋ ಇವೆ: ಲೋಗೋ ಮಾಡಿಸಿ, ರೀಲ್ಸ್ ಹಾಕಿ, ನಗ್ತಾ ಇರಿ. ನಾನು ಅದನ್ನ ಹೇಳೋಕೆ ಹೋಗಲಿಲ್ಲ. ನನಗೆ ಬರೋದು ಹಳೇ ಕಥೆ ಕೆದಕೋದು. ಹಾಗಾಗಿ ಇದೇ ಪ್ರಶ್ನೆ ಮೊದಲು ಯಾರಿಗೆ ಬಂದಿತ್ತು, ಅವರು ಏನ್ ಮಾಡಿದ್ರು, ಕೊನೆಗೆ ಅವರ ಕೈಗೆ ಏನ್ ಉಳೀತು ಅಂತ ನೋಡ್ಕೊಂಡು ಹೋದೆ. ಹೋಗಿ ನಿಂತಿದ್ದು ಒಂದು ಇಂಡೆಕ್ಸ್ ಕಾರ್ಡಿನ ಮುಂದೆ.

ನ್ಯೂಯಾರ್ಕ್ ನಗರದ ಬ್ರಾಂಕ್ಸ್, 1973ರ ಆಗಸ್ಟ್ 11. ಸೆಜ್‌ವಿಕ್ ಅವೆನ್ಯೂ, ಮನೆ ನಂಬರ್ 1520. ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಡ, ಕೆಳಗಡೆ ಬಾಡಿಗೆಗೆ ಸಿಗೋ ಒಂದು ಹಾಲ್. ನಮ್ಮ ಕಡೆ ಸಮುದಾಯ ಭವನ ಇರುತ್ತಲ್ಲ, ಅದರ ಚಿಕ್ಕ ರೂಪ ಅನ್ಕೊಳಿ. ಆ ರಾತ್ರಿಯ ಪಾರ್ಟಿಯನ್ನ ಇವತ್ತು ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಜಗತ್ತೇ ಆಚರಿಸುತ್ತೆ. ಡಿಜೆ ಹೆಸರು ಕೂಲ್ ಹರ್ಕ್. ನಿಜವಾದ ಹೆಸರು ಕ್ಲೈವ್ ಕ್ಯಾಂಪ್‌ಬೆಲ್, ವಯಸ್ಸು 18. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ 1967ರಲ್ಲಿ ಬ್ರಾಂಕ್ಸ್‌ಗೆ ಬಂದ ಹುಡುಗ.

ಇಷ್ಟು ಕಥೆ ನಿಮ್ಮಲ್ಲಿ ಕೆಲವರಿಗಾದ್ರೂ ಗೊತ್ತಿರುತ್ತೆ. ಆದರೆ ಆ ಪಾರ್ಟಿ ಹರ್ಕ್‌ಗೆ ಹೊಳೆದ ಐಡಿಯಾ ಅಲ್ಲ. ಅದು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್‌ದು. ಅವಳಿಗೆ ಬೇಕಾಗಿದ್ದು ಕ್ರಾಂತಿ ಅಲ್ಲ, ಸ್ವಾಮಿ, ಬಟ್ಟೆ! ರಜೆ ಮುಗಿದು ಸ್ಕೂಲ್ ಶುರು ಆಗ್ತಿತ್ತು. ಹತ್ತಿರದ ಫೋರ್ಡಮ್ ರೋಡಲ್ಲಿ ಬಟ್ಟೆ ತಗೊಂಡ್ರೆ ಕ್ಲಾಸಲ್ಲಿ ಇನ್ನೂ ನಾಲ್ಕು ಜನ ಅದನ್ನೇ ಹಾಕ್ಕೊಂಡು ಬರ್ತಾರೆ. ಮ್ಯಾನ್‌ಹ್ಯಾಟನ್‌ನ ಡೆಲಾನ್ಸಿ ಸ್ಟ್ರೀಟಿಗೆ ಹೋದ್ರೆ ಬೇರೆ ಯಾರ ಹತ್ರನೂ ಇಲ್ಲದ್ದು ಸಿಗುತ್ತೆ. ಅಂದ್ರೆ ಎಲ್ಲರ ನಡುವೆ ಎದ್ದು ಕಾಣಬೇಕು ಅನ್ನೋ ಆಸೆ ಮೊದಲು ಹುಟ್ಟಿದ್ದು ಡಿಜೆಗಲ್ಲ, ಡಿಜೆಯ ತಂಗಿಗೆ.

ಅವಳು ಹದಿಹರೆಯದವರಿಗೆ ಪಾರ್ಟ್‌ಟೈಮ್ ಕೆಲಸ ಕೊಡೋ ಒಂದು ಸರ್ಕಾರಿ ಯೋಜನೆಯಲ್ಲಿ ದುಡೀತಿದ್ಲು. ವಾರಕ್ಕೆ ಸುಮಾರು 45 ಡಾಲರ್. ಹಾಲ್ ಬಾಡಿಗೆಗೇ ಸಂಬಳದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಗುತ್ತೆ. ಪ್ರವೇಶ ಶುಲ್ಕ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಇಲ್ಲಿ ನನ್ನೊಳಗಿನ ಕಾಮರ್ಸ್ ಸ್ಟೂಡೆಂಟ್ ಎದ್ದು ಕೂರ್ತಾಳೆ, ಕ್ಷಮಿಸಿ. 50 ಹುಡುಗಿಯರು, 50 ಹುಡುಗರು ಬಂದ್ರು ಅಂತ ಇಟ್ಕೊಳಿ. ಹನ್ನೆರಡೂವರೆ ಡಾಲರ್ ಪ್ಲಸ್ 25, ಒಟ್ಟು ಮೂವತ್ತೇಳೂವರೆ. ಬಾಡಿಗೆ ಕಳೆದ್ರೆ ಒಂದು ಒಳ್ಳೇ ಜೊತೆ ಬಟ್ಟೆಗೂ ಸಾಲಲ್ಲ. ಹಾಗಾದ್ರೆ ಲಾಭ ಎಲ್ಲಿ? ಕುಡಿಯೋದ್ರಲ್ಲಿ, ತಿನ್ನೋದ್ರಲ್ಲಿ. ಸಿಂಡಿ ಕೂಲ್‌ಡ್ರಿಂಕ್ಸ್, ಬಿಯರ್ ಹೋಲ್‌ಸೇಲಲ್ಲಿ ತರಿಸಿಟ್ಟಿದ್ಲು. ನಮ್ಮ ಸಿನಿಮಾ ಥಿಯೇಟರ್‌ನವರು ಪಾಪ್‌ಕಾರ್ನಲ್ಲಿ ದುಡಿಯೋ ಲೆಕ್ಕವೇ ಇದು. ಇನ್ನು ಹುಡುಗಿಯರಿಗೆ ಅರ್ಧ ರೇಟ್ ಯಾಕೆ ಅಂತ ಬಿಡಿಸಿ ಹೇಳಬೇಕಾ? ಬೆಂಗಳೂರಿನ ಪಬ್‌ಗಳ ಲೇಡೀಸ್ ನೈಟ್ ಬೋರ್ಡ್ ನೋಡಿದವರಿಗೆಲ್ಲ ಅದು ಗೊತ್ತು.

ಪ್ರಚಾರ ಹೇಗೆ? ಇಂಡೆಕ್ಸ್ ಕಾರ್ಡ್, ಪೆನ್ನು, ಕೈಬರಹ. ಅಷ್ಟೇ. ಗೊತ್ತಿದ್ದವರಿಗೆಲ್ಲ ಹಂಚಿದ್ರು.

ಆ ಕಾರ್ಡಿನ ಫೋಟೋ ಇವತ್ತು ಎಲ್ಲ ಕಡೆ ಸಿಗುತ್ತೆ. ಒಮ್ಮೆ ನಿಧಾನಕ್ಕೆ ಓದಿ. ಮೇಲೆ, ಡಿಜೆ ಕೂಲ್ ಹರ್ಕ್ ಪಾರ್ಟಿ. ಆಮೇಲೆ ತಾರೀಕು, ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ಅಂತ ಟೈಮು, ಜಾಗ, ರೇಟು. ಏರ್ಪಡಿಸಿದವರು ಯಾರು ಅನ್ನೋ ಜಾಗದಲ್ಲಿ ಕೂಲ್ ಹರ್ಕ್ ಅಂತಲೇ ಇದೆ. ವಿಶೇಷ ಅತಿಥಿಗಳು ಅನ್ನೋ ಸಾಲಲ್ಲಿ ನಾಲ್ಕು ಹೆಸರು. ಅದರಲ್ಲಿ ಒಂದು ಸಿಂಡಿ ಸಿ. ಅಂದ್ರೆ ಐಡಿಯಾ ಅವಳದು, ಲೆಕ್ಕ ಅವಳದು. ತನ್ನ ಪಾರ್ಟಿಗೆ ತಾನೇ ಅತಿಥಿ!

ಇದನ್ನ ಓದಿದ ರಾತ್ರಿ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ತಮ್ಮನಿಗೆ ಮಾತ್ರ ಹೇಳಲಿಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಇರಲಿ, ಈಗ ಹರ್ಕ್ ಕಡೆ ಬರೋಣ. ಅವನು ಏನೂ ಮಾಡಲಿಲ್ಲ ಅಂತಲ್ಲ. ಅವನ ಹತ್ತಿರ ಇದ್ದಿದ್ದೇ ಬೇರೆ, ಮತ್ತು ಅದು ಬಂದಿದ್ದು ಜಮೈಕಾದಿಂದ. ಹಾಗಾಗಿ ಒಂದಿಪ್ಪತ್ತು ವರ್ಷ ಹಿಂದೆ, ಕಿಂಗ್‌ಸ್ಟನ್‌ಗೆ ಹೋಗಿ ಬರಬೇಕು.

1950ರ ದಶಕದ ಕಿಂಗ್‌ಸ್ಟನ್‌ನಲ್ಲಿ ಬಡವರಿಗೆ ಮ್ಯೂಸಿಕ್ ಅಂದ್ರೆ ಸೌಂಡ್ ಸಿಸ್ಟಮ್. ಬೀರು ಗಾತ್ರದ ಸ್ಪೀಕರ್ ಬಾಕ್ಸ್‌ಗಳನ್ನ ಬಯಲಲ್ಲಿ ಜೋಡಿಸಿ ಅಮೆರಿಕದ ರೆಕಾರ್ಡ್ ಹಾಕಿ ಕುಣಿಸೋದು. ಇದನ್ನ ನಡೆಸಿದವರಲ್ಲಿ ಹಲವರು ವ್ಯಾಪಾರಿಗಳು. ಟಾಮ್ ದಿ ಗ್ರೇಟ್ ಸೆಬಾಸ್ಟಿಯನ್ ಅನ್ನೋ ಹೆಸರಿನ ಸೆಟ್ ಇಟ್ಟಿದ್ದ ಟಾಮ್ ವಾಂಗ್‌ಗೆ ಹಾರ್ಡ್‌ವೇರ್ ಅಂಗಡಿ ಇತ್ತು. ಡ್ಯೂಕ್ ರೀಡ್ ಮೊದಲು ಪೊಲೀಸ್ ಆಗಿದ್ದವನು, ಆಮೇಲೆ ಹೆಂಡತಿ ಜೊತೆ ಮದ್ಯದಂಗಡಿ. ಅಂಗಡಿ ಬಾಗಿಲಲ್ಲಿ ಹಾಡು ಹಾಕಿದ್ರೆ ಗಿರಾಕಿ ನಿಲ್ತಾನೆ, ನಿಂತವನಿಗೆ ಬಾಯಾರಿಕೆ ಆಗುತ್ತೆ. ತಲೆ ಮೇಲೆ ಕಿರೀಟ, ಸೊಂಟದಲ್ಲಿ ಪಿಸ್ತೂಲು ಸಿಗಿಸ್ಕೊಂಡು ಡಾನ್ಸ್‌ಗೆ ಬರ್ತಿದ್ದ. ರೀಲ್ಸ್ ಇಲ್ಲದ ಕಾಲದ ಎಂಟ್ರಿ ಇದು.

ಆದರೆ ಅವರೆಲ್ಲರ ತಲೆನೋವು ಒಂದೇ. ನಾನು ಹಾಕೋ ಹಾಡನ್ನ ನಾನು ಬರೆದಿಲ್ಲ, ಹಾಡಿಲ್ಲ, ಬಾರಿಸಿಲ್ಲ. ಅದೇ ರೆಕಾರ್ಡ್ ಪಕ್ಕದ ಬೀದಿಯವನ ಹತ್ತಿರನೂ ಇದ್ರೆ ನನ್ನನ್ನ ಯಾರು ಕರೀತಾರೆ? ಅದಕ್ಕೆ ಕಂಡುಕೊಂಡ ದಾರಿ: ರೆಕಾರ್ಡ್ ಮಧ್ಯದ ಲೇಬಲ್ ಕೆರೆದುಹಾಕೋದು. ಹಾಡು ಯಾವುದು, ಹಾಡಿದವರು ಯಾರು, ಯಾರಿಗೂ ಗೊತ್ತಾಗಬಾರದು. ಕಾಕ್ಸನ್ ಡಾಡ್ ಅನ್ನೋನು ವಿಲ್ಲಿಸ್ ಜಾಕ್ಸನ್‌ನ ಒಂದು ಸ್ಯಾಕ್ಸೊಫೋನ್ ರೆಕಾರ್ಡಿನ ಲೇಬಲ್ ಕೆರೆದು, ಅದಕ್ಕೆ 'ಕಾಕ್ಸನ್ ಹಾಪ್' ಅಂತ ತನ್ನ ಹೆಸರನ್ನೇ ಇಟ್ಟು, ಬಹಳ ಕಾಲ ಅದರ ಮೇಲೆ ಮೆರೆದ. ಡ್ಯೂಕ್ ರೀಡ್ ಹುಡುಕ್ತಾನೇ ಇದ್ದ. ಒಂದು ರಾತ್ರಿ ಕಾಕ್ಸನ್‌ನ ಎದುರಿಗೇ ಅದೇ ಹಾಡು ಡ್ಯೂಕ್‌ನ ಬಾಕ್ಸ್‌ಗಳಿಂದ ಬಂತು. ಕಾಕ್ಸನ್ ನಿಂತಲ್ಲೇ ಕುಸಿದ ಅಂತ ಜೊತೆಗಿದ್ದ ಪ್ರಿನ್ಸ್ ಬಸ್ಟರ್ ಎಷ್ಟೋ ವರ್ಷ ಆದ್ಮೇಲೂ ನೆನಪು ಮಾಡ್ಕೊಂಡು ಹೇಳ್ತಿದ್ದ.

ಇನ್ನೊಂದು ಮಜಾ ಇದೆ. ಜಮೈಕಾದಲ್ಲಿ ರೆಕಾರ್ಡ್ ಹಾಕೋನನ್ನ ಡಿಜೆ ಅನ್ನಲ್ಲ, ಸೆಲೆಕ್ಟರ್ ಅಂತಾರೆ. ಮೈಕ್ ಹಿಡಿದು ಮಾತಾಡೋನು ಡೀಜೆ. ಪೋಸ್ಟರ್ ಮೇಲೆ ಬರೋದು ಸೌಂಡ್ ಸಿಸ್ಟಮ್‌ನ ಹೆಸರು. ಅಮೆರಿಕದಲ್ಲಿ ರೆಕಾರ್ಡ್ ಹಾಕೋನೇ ಡಿಜೆ. ನಮ್ಮ ಕಡೆ? ಗಣೇಶನ ಹಬ್ಬದಲ್ಲಿ "ಈ ಸಲ ಡಿಜೆ ತರ್ಸಿದ್ದಾರೆ" ಅಂದ್ರೆ ಯಾರನ್ನ ತರಿಸಿದ್ದಾರೆ ಅಂತ ಅರ್ಥ ಅಲ್ಲ, ಟ್ರ್ಯಾಕ್ಟರ್ ಮೇಲೆ ಎಷ್ಟು ಬಾಕ್ಸ್ ಅಂತ ಅರ್ಥ. "ಡಿಜೆ ಬ್ಯಾನ್" ಅಂತ ಪೇಪರಲ್ಲಿ ಬಂದಾಗ ಬ್ಯಾನ್ ಆಗೋದು ಮನುಷ್ಯ ಅಲ್ಲ, ಸ್ಪೀಕರ್. ನಮ್ಮ ತಾತನ ಕಾಲದ ಮೈಕ್‌ಸೆಟ್‌ನವರೂ ಹಾರ್ನ್ ಬಾಯಿ ಸುತ್ತ ಬಣ್ಣದಲ್ಲಿ ಬರೆಸ್ತಿದ್ದು ಸೌಂಡ್ ಸರ್ವಿಸ್‌ನ ಹೆಸರನ್ನೇ. ನನ್ನ ತಮ್ಮನ ಕಷ್ಟಕ್ಕೆ ಇಲ್ಲೇ ಒಂದು ಉತ್ತರ ಇದೆ. ಅವನು ತಾನು ಡಿಜೆ ಅಂದ್ಕೊಂಡಿದ್ದಾನೆ. ಕರೆಸೋರ ಕಣ್ಣಿಗೆ ಡಿಜೆ ಅಂದ್ರೆ ಬಾಕ್ಸು, ಇವನು ಬಾಕ್ಸ್ ಜೊತೆ ಬರೋ ಹುಡುಗ.

ಹಾಗೇನೇ, ಉತ್ತರ ಕರ್ನಾಟಕದ ಜಾನಪದ ಡಿಜೆ ರೀಮಿಕ್ಸ್ ಕೇಳಿದೀರಲ್ವಾ? ಹಾಡಿನ ಮಧ್ಯೆ ಮಧ್ಯೆ ಯಾರೋ ಗುಡುಗೋ ದನಿಯಲ್ಲಿ ಡಿಜೆ ಹೆಸರು, ಊರ ಹೆಸರು ಕೂಗ್ತಾರೆ. ನಾವೆಲ್ಲ ಅದನ್ನ ಆಡ್ಕೊಂಡು ನಗ್ತೀವಿ. ಜಮೈಕಾದವರು ಇದನ್ನ ಯಾವಾಗಲೋ ಕಲೆ ಮಾಡಿಬಿಟ್ಟಿದ್ದಾರೆ. ಹೆಸರಾಂತ ಗಾಯಕರಿಗೆ ದುಡ್ಡು ಕೊಟ್ಟು, ಅವರ ಹಿಟ್ ಹಾಡಿನಲ್ಲೇ ತಮ್ಮ ಸೌಂಡ್ ಸಿಸ್ಟಮ್‌ನ ಹೆಸರು ಸೇರಿಸಿ ಹಾಡಿಸಿ, ಒಂದೇ ಒಂದು ಪ್ರತಿ ಕತ್ತರಿಸಿ ಇಟ್ಕೊಳ್ತಾರೆ. ಡಬ್‌ಪ್ಲೇಟ್ ಅಂತಾರೆ ಅದಕ್ಕೆ. ಬೇರೆಯವರ ಹತ್ತಿರ ಇರೋಕೆ ಸಾಧ್ಯವೇ ಇಲ್ಲದ ಹಾಡು. ಹಾಗಾಗಿ ಆ ಗುಡುಗೋ ದನಿ ಕೇಳಿದಾಗ ಈಗ ನನಗೆ ನಗು ಬರಲ್ಲ. ತನ್ನದಲ್ಲದ ಹಾಡಿನ ಮೇಲೆ ತನ್ನ ಹೆಸರು ಉಳಿಸ್ಕೊಳ್ಳೋಕೆ ಪಡೋ ಪಾಡು ಅದು.

ಕಿಂಗ್‌ಸ್ಟನ್‌ನ ಆ ಬಯಲುಗಳ ಬೇಲಿ ಆಚೆ, ಒಳಗೆ ಬಿಡದ ವಯಸ್ಸಲ್ಲಿ, ಕ್ಲೈವ್ ಅನ್ನೋ ಹುಡುಗ ನಿಂತು ಕೇಳ್ತಿದ್ದ. ಬ್ರಾಂಕ್ಸ್‌ಗೆ ಬಂದಾಗ ಅವನ ಬಟ್ಟೆ, ಮಾತಿನ ಧಾಟಿ ನೋಡಿ ಹುಡುಗರು ನಕ್ಕರು. ಅವನು ಧಾಟಿ ಬದಲಾಯಿಸ್ಕೊಂಡ. ಕ್ಲೈವ್ ಅಂದ್ರೆ ಯಾರ ಬಾಯಿಗೂ ಹತ್ತಲಿಲ್ಲ, ಕ್ಲೈಡ್ ಅಂದ್ರು. ಗೋಡೆ ಮೇಲೆ ಸ್ಪ್ರೇ ಪೇಂಟಲ್ಲಿ 'ಕ್ಲೈಡ್ ಆ್ಯಸ್ ಕೂಲ್' ಅಂತ ಬರೆಯೋಕೆ ಶುರು ಮಾಡಿದ. ಆಳು ಕಟ್ಟುಮಸ್ತು, ಬ್ಯಾಸ್ಕೆಟ್‌ಬಾಲ್ ಆಡುವಾಗ ಹರ್ಕ್ಯುಲಿಸ್ ಅಂತ ಕರೆದ್ರು. ಅದನ್ನ ಕತ್ತರಿಸಿ ಹರ್ಕ್ ಮಾಡ್ಕೊಂಡ. ಗೋಡೆಯ ಕೂಲ್, ಗ್ರೌಂಡಿನ ಹರ್ಕ್. ಡಿಜೆ ಆಗೋಕೆ ಮೊದಲೇ ಬೀದಿಯಲ್ಲಿ ಹೆಸರು ಓಡಾಡ್ತಿತ್ತು. ಇವತ್ತು ಬ್ರ್ಯಾಂಡಿಂಗ್ ಅಂತ ಕೋರ್ಸ್ ಮಾಡ್ತೀವಿ ನಾವು.

ಇನ್ನು ಸೌಂಡು. ಅಪ್ಪ ಕೀತ್ ಕ್ಯಾಂಪ್‌ಬೆಲ್ ಒಂದು ಲೋಕಲ್ ಬ್ಯಾಂಡಿಗೋಸ್ಕರ ಶ್ಯೂರ್ ಕಂಪನಿಯ ಪಿಎ ಸಿಸ್ಟಮ್ ತಂದಿಟ್ಟಿದ್ರು. ಮುಟ್ಟಬೇಡ ಅಂತ ತಾಕೀತು. ಆದರೆ ಅದರಿಂದ ಪೂರ್ತಿ ಸೌಂಡ್ ತೆಗೆಯೋದು ಅಪ್ಪನಿಗೇ ಗೊತ್ತಿರಲಿಲ್ಲ. ಹರ್ಕ್ ಅವರಿಲ್ಲದಾಗ ವೈರುಗಳನ್ನ ಬೇರೆ ಥರ ಜೋಡಿಸಿ ನೋಡಿದ, ದನಿ ದುಪ್ಪಟ್ಟಾಯ್ತು. ಅಪ್ಪ ಬಂದು ಬೈಯೋ ಬದಲು ಒಪ್ಪಂದ ಮಾಡ್ಕೊಂಡ್ರು: ಬ್ಯಾಂಡ್ ರೆಸ್ಟ್ ತಗೊಳ್ಳೋ ಹೊತ್ತಲ್ಲಿ ನೀನು ರೆಕಾರ್ಡ್ ಹಾಕು, ಬೇಕಾದಾಗ ಸೆಟ್ ತಗೊಂಡು ಹೋಗು. ರೆಕಾರ್ಡ್ ಲೇಬಲ್ ನೀರಲ್ಲಿ ನೆನೆಸಿ ಕಿತ್ತುಬಿಡು ಅಂತ ಬುದ್ಧಿ ಹೇಳಿದ್ದೂ ಅಪ್ಪನೇ. ಜಮೈಕಾದ ವಿದ್ಯೆ, ನೇರ ಮಗನ ಕೈಗೆ.

ಪಾರ್ಟಿಯಲ್ಲಿ ಹರ್ಕ್ ಮೊದಲು ತನಗಿಷ್ಟವಾದ ಜಮೈಕಾದ ಹಾಡುಗಳನ್ನೇ ಹಾಕಿದ. ಜನ ಕುಣೀಲಿಲ್ಲ. ತಕ್ಷಣ ಜೇಮ್ಸ್ ಬ್ರೌನ್ ಥರದ ಫಂಕ್‌ಗೆ ಬಂದ. ನನ್ನ ತಮ್ಮನಿಗೆ ಈ ಭಾಗ ಎರಡು ಸಲ ಓದಿ ಹೇಳಿದೆ, ಯಾಕಂದ್ರೆ ಮದುವೆ ರಿಸೆಪ್ಷನ್‌ನಲ್ಲಿ ಟೆಕ್ನೋ ಹಾಕಿ ಹೆಣ್ಣಿನ ಸೋದರಮಾವನ ಹತ್ರ ಬೈಸ್ಕೊಂಡ ಆಸಾಮಿ ಅವನು.

ಮುಂದಿನ ಪಾರ್ಟಿಗಳಲ್ಲಿ ಹರ್ಕ್ ಒಂದು ವಿಷಯ ಗಮನಿಸಿದ. ಹಾಡುಗಾರ ಸುಮ್ಮನಾಗಿ, ಗಿಟಾರ್ ನಿಂತು, ಬರೀ ಡ್ರಮ್ಸ್ ಉಳಿಯೋ ಕೆಲವು ಸೆಕೆಂಡ್ ಇರುತ್ತಲ್ಲ, ಒಳ್ಳೇ ಡಾನ್ಸರ್‌ಗಳು ಆ ಹೊತ್ತಿಗೇ ಕಾಯ್ತಿರ್ತಾರೆ. ಬ್ರೇಕ್ ಅಂತಾರೆ ಅದಕ್ಕೆ. ಒಂದೇ ರೆಕಾರ್ಡಿನ ಎರಡು ಪ್ರತಿ ಎರಡು ಟರ್ನ್‌ಟೇಬಲ್ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯೋ ಹೊತ್ತಿಗೆ ಇನ್ನೊಂದರಲ್ಲಿ ಶುರು ಮಾಡಿದ. ಕೆಲವು ಸೆಕೆಂಡಿನ ಡ್ರಮ್ಸ್ ನಿಮಿಷಗಟ್ಟಲೆ ಎಳೀತು. ಹಾಲ್ ಸಾಲದೆ ಪಾರ್ಕಿಗೆ ಹೋದ್ರು, ಬೀದಿ ಲೈಟಿನ ಕಂಬದಿಂದ ಕರೆಂಟ್ ಎಳೆದ್ರು. ನಮ್ಮ ಜಾತ್ರೆಗಳಲ್ಲಿ ನೋಡಿಲ್ಲದ್ದೇನಲ್ಲ ಬಿಡಿ. ಮೈಕಲ್ಲಿ ಗೆಳೆಯ ಕೋಕ್ ಲಾ ರಾಕ್ ನೆರೆದವರ ಹೆಸರು ಹಿಡಿದು ಕೂಗ್ತಿದ್ದ. ತನ್ನ ಹೆಸರು ಇಡೀ ಪಾರ್ಕಿಗೆ ಕೇಳಿದವನು ಮುಂದಿನ ವಾರ ಬರದೇ ಇರ್ತಾನಾ?

ಹರ್ಕ್‌ನ ಬಲ ಸೌಂಡು. ಅದನ್ನ ಬೇಕಂತಲೇ ತೋರಿಸ್ತಿದ್ದ. ಗುಂಪಿನಲ್ಲಿ ಒಬ್ಬ ಸಣಕಲ ಹುಡುಗ ನಿಂತಿರೋದು ಕಂಡ್ರೆ ಅವನ ಹೆಸರು ಮೈಕಲ್ಲಿ ಹೇಳಿ, ಡಿಜೆ ಅನ್ನಿಸ್ಕೋಬೇಕಾದ್ರೆ ಹೈಸ್ ಇರಬೇಕಪ್ಪ ಅಂತ ಟ್ರೆಬಲ್ ಏರಿಸ್ತಿದ್ದ, ಆಮೇಲೆ ಬೇಸ್ ಬಿಡ್ತಿದ್ದ. ಹುಡುಗ ಅವಮಾನದಿಂದ ಕುಗ್ಗಿಹೋಗ್ತಿದ್ದ. ಅವನ ಹೆಸರು ಜೋಸೆಫ್ ಸ್ಯಾಡ್ಲರ್. ಹುಟ್ಟಿದ್ದು 1958ರ ಜನವರಿ 1, ಬಾರ್ಬಡೋಸ್‌ನಲ್ಲಿ. ಆಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂತ ಹೆಸರಾದವನು.

ಫ್ಲ್ಯಾಶ್ ವೊಕೇಶನಲ್ ಸ್ಕೂಲಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಹುಡುಗ. ಹರ್ಕ್‌ನ ಬಾಕ್ಸ್‌ಗೆ ಬಾಕ್ಸ್‌ನಿಂದ ಉತ್ತರ ಕೊಡೋ ದುಡ್ಡಿಲ್ಲ. ಆದರೆ ಹರ್ಕ್‌ನ ಒಂದು ದೌರ್ಬಲ್ಯ ಅವನ ಕಿವಿಗೆ ಬಿದ್ದಿತ್ತು. ಹರ್ಕ್ ಅಂದಾಜಿನ ಮೇಲೆ ಸೂಜಿ ಇಡ್ತಾನೆ, ತಾಳ ತಪ್ಪುತ್ತೆ. ಫ್ಲ್ಯಾಶ್ ತಿಂಗಳುಗಟ್ಟಲೆ ರೂಮಲ್ಲಿ ಕೂತ. ಹೆಡ್‌ಫೋನಲ್ಲಿ ಎರಡನೇ ರೆಕಾರ್ಡನ್ನ ಮೊದಲೇ ಕದ್ದು ಕೇಳೋಕೆ ಒಂದು ಸ್ವಿಚ್ ಕಟ್ಟಿದ. ಬ್ರೇಕ್ ಎಲ್ಲಿ ಅಂತ ರೆಕಾರ್ಡ್ ಮೇಲೆ ಕ್ರೇಯಾನ್‌ನಿಂದ ಗುರುತು ಹಾಕಿ, ಗಡಿಯಾರದ ಮುಳ್ಳಿನ ಥರ ಲೆಕ್ಕ ಇಟ್ಕೊಂಡು ಹಿಂದಕ್ಕೆ ತಿರುಗಿಸಿದ. ರೆಕಾರ್ಡಿನ ಮೇಲೆ ಬೆರಳು ಇಡೋದೇ ಪಾಪ ಅನ್ನೋ ಕಾಲದಲ್ಲಿ ಪೂರ್ತಿ ಕೈಯನ್ನೇ ಇಟ್ಟ. ಒಂದು ಅಕ್ಷರ ತಾಳ ತಪ್ಪಲ್ಲ.

ಮೊದಲ ಸಲ ಇದನ್ನೆಲ್ಲ ಜನರ ಮುಂದೆ ಮಾಡಿದ ದಿನ ಏನಾಯ್ತು ಗೊತ್ತಾ? ಯಾರೂ ಕುಣೀಲಿಲ್ಲ. ಚಪ್ಪಾಳೆ ಇಲ್ಲ, ಕೂಗಾಟ ಇಲ್ಲ. ನಿಂತು ನೋಡಿದ್ರು, ಅಷ್ಟೇ. ಮನೆಗೆ ಹೋಗಿ ಅತ್ತೆ ಅಂತ ಅವರೇ ಹೇಳ್ಕೊಂಡಿದ್ದಾರೆ.

ನನಗೆ ಇಡೀ ಕಥೆಯಲ್ಲಿ ತುಂಬಾ ಕಾಡಿದ್ದು ಈ ಜಾಗ. ಯಾಕಂದ್ರೆ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದು ಒಂದೇ: ಕೆಲಸ ಚೆನ್ನಾಗಿ ಕಲಿ, ಜನ ತಾನಾಗೇ ಗುರುತಿಸ್ತಾರೆ. ಫ್ಲ್ಯಾಶ್ ಅಷ್ಟು ಕಲಿತಿದ್ದ, ಜನ ಗುರುತಿಸಲಿಲ್ಲ. ಅವನು ಮಾಡ್ತಿದ್ದಿದ್ದು ತಪ್ಪಾಗಿರಲಿಲ್ಲ. ಅದನ್ನ ಹೇಗೆ ನೋಡಬೇಕು ಅಂತ ಜನಕ್ಕೆ ಹೇಳೋರು ಇರಲಿಲ್ಲ, ಅಷ್ಟೇ. ಆಮೇಲೆ ಕೌಬಾಯ್ ಅನ್ನೋ ಹೆಸರಿನ ಕೀತ್ ವಿಗಿನ್ಸ್ ಮೈಕ್ ಹಿಡಿದ. ಕೈ ಎತ್ತಿ, ಕೂಗಿ, ಈಗ ಈ ಮನುಷ್ಯನ ಬೆರಳು ನೋಡಿ ಅನ್ನೋ ಥರ ಜನರನ್ನ ನಡೆಸಿದ. ಅದೇ ವಿದ್ಯೆ, ಈಗ ಬೀದಿ ತುಂಬ ಜನ. ಕೌಬಾಯ್ ಜೊತೆ ಮೆಲ್ಲಿ ಮೆಲ್, ಇನ್ನೂ ಮೂವರು ಸೇರಿ ಫ್ಯೂರಿಯಸ್ ಫೈವ್ ಆದ್ರು.

ಅಷ್ಟರಲ್ಲಿ ಹೆಸರು ಹರಡೋಕೆ ಎರಡು ಹೊಸ ದಾರಿ ಆಗಿದ್ದವು. ಒಂದು ಕ್ಯಾಸೆಟ್. ಪಾರ್ಟಿಯ ರೆಕಾರ್ಡಿಂಗ್ ಬಾಡಿಗೆ ಕಾರುಗಳ ಡೆಕ್‌ನಲ್ಲಿ ಓಡ್ತಿತ್ತು, ಪ್ಯಾಸೆಂಜರ್ ಇಳಿಯುವಾಗ ಯಾರಿದು ಅಂತ ಕೇಳ್ತಿದ್ದ. ಇನ್ನೊಂದು ಫ್ಲೈಯರ್, ಅಂಗೈ ಅಗಲದ ಕರಪತ್ರ. ಫ್ಲೈಯರ್ ರಾಜ ಅಂತ ಹೆಸರಾದವನು ಬಡ್ಡಿ ಎಸ್‌ಕ್ವೈರ್. ಅವನೂ ಬ್ರಾಂಕ್ಸ್ ಹುಡುಗನೇ. ಡಿಸೈನ್ ಸ್ಕೂಲಿಗೆ ಹೋದವನಲ್ಲ, ಲೈಬ್ರರಿ ಪುಸ್ತಕ ನೋಡಿ ಅಕ್ಷರ ಬಿಡಿಸೋದು ಕಲಿತ. ಹಳೇ ಸಿನಿಮಾ ಥಿಯೇಟರ್‌ಗಳ ಮುಂಭಾಗ ನೆನಪಿಸೋ ಆರ್ಟ್ ಡೆಕೊ ಗೆರೆಗಳು, ಉಜ್ಜಿ ಅಂಟಿಸೋ ಅಕ್ಷರಗಳು, ನಡುವೆ ಡಿಜೆಗಳ ಫೋಟೋ. ಕೆಳಗೆ ಯಾವ ಟ್ರೇನ್ ಹತ್ತಬೇಕು, ಎಲ್ಲಿ ಇಳಿಯಬೇಕು. ಸ್ಕೂಲ್ ಜಿಮ್‌ನಲ್ಲಿ ನಡೆಯೋ ಪಾರ್ಟಿಯೂ ಅರಮನೆ ಕಾರ್ಯಕ್ರಮದ ಥರ ಕಾಣೋದು. ಅವನ ಕೈಯಿಂದ 300ಕ್ಕೂ ಹೆಚ್ಚು ಫ್ಲೈಯರ್ ಬಂದಿವೆ. ಅವೆಲ್ಲ ಓದಿ ಬಿಸಾಡೋಕೆ ಅಂತ ಮಾಡಿದ ಕಾಗದ. ಇವತ್ತು ಅಂಥ ಎಷ್ಟೋ ಫ್ಲೈಯರ್‌ಗಳನ್ನ ಕಾರ್ನೆಲ್ ವಿಶ್ವವಿದ್ಯಾಲಯ ತನ್ನ ಹಿಪ್‌ಹಾಪ್ ಸಂಗ್ರಹದಲ್ಲಿ ಜೋಪಾನವಾಗಿ ಇಟ್ಟಿದೆ.

ಇಲ್ಲಿಗೆ ನಿಲ್ಲಿಸಿದ್ರೆ ಇದು ಚೆಂದದ ಸಕ್ಸಸ್ ಸ್ಟೋರಿ. ಆದರೆ 1979 ಬರುತ್ತೆ.

ಆ ವರ್ಷ ಶುಗರ್‌ಹಿಲ್ ಗ್ಯಾಂಗ್‌ನ 'ರ‍್ಯಾಪರ್ಸ್ ಡಿಲೈಟ್' ಬಂತು, ಜಗತ್ತಿಗೆ ರ‍್ಯಾಪ್ ಅನ್ನೋದು ಇದೆ ಅಂತ ಗೊತ್ತಾಯ್ತು. ಡಿಜೆಗಳಿಂದ ಹುಟ್ಟಿದ ಮ್ಯೂಸಿಕ್‌ನ ಮೊದಲ ದೊಡ್ಡ ಹಿಟ್‌ನಲ್ಲಿ ಡಿಜೆ ಇರಲಿಲ್ಲ, ಹಿಂದೆ ಬಾರಿಸಿದ್ದು ಸ್ಟುಡಿಯೋ ಬ್ಯಾಂಡ್. ಅಷ್ಟೇ ಅಲ್ಲ. ಅದರಲ್ಲಿ ಹಾಡಿದ ಬಿಗ್ ಬ್ಯಾಂಕ್ ಹ್ಯಾಂಕ್ ಆಗ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದ. ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಹತ್ತಿರ ಸಾಲುಗಳನ್ನ ಕೇಳಿ ತಗೊಂಡು ಹಾಗೇ ಹಾಡಿದ. ಕ್ಯಾಜ್ ತನ್ನ ಹಳೇ ಹೆಸರು ಕ್ಯಾಸನೋವಾ ಅನ್ನೋದನ್ನ ಅಕ್ಷರ ಬಿಡಿಸಿ ಹೇಳೋ ಸಾಲೂ ಅದರಲ್ಲಿತ್ತು. ಹ್ಯಾಂಕ್ ಅದನ್ನೂ ಬದಲಾಯಿಸಲಿಲ್ಲ! ಅಂದ್ರೆ ಕ್ಯಾಜ್‌ನ ಹೆಸರು ಇಡೀ ಜಗತ್ತಿಗೆ ತಲುಪಿತು, ಬೇರೆಯವನ ಬಾಯಲ್ಲಿ. ಅದು ಕ್ಯಾಜ್‌ನ ಹೆಸರು ಅಂತ ಕೇಳೋರಿಗೆ ಗೊತ್ತಿಲ್ಲ, ಕ್ಯಾಜ್‌ಗೆ ದುಡ್ಡೂ ಬರಲಿಲ್ಲ. ಎಕ್ಸ್‌ಪೋಶರ್ ಅನ್ನೋ ಪದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

ಫ್ಲ್ಯಾಶ್‌ದು ತಿರುಗುಮುರುಗು. 1982ರ 'ದಿ ಮೆಸೇಜ್' ರೆಕಾರ್ಡ್ ಮೇಲೆ ದೊಡ್ಡದಾಗಿ ಇರೋದು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಹೆಸರು. ಹಾಡಿನಲ್ಲಿ ಅವರ ಕೈಚಳಕ ಒಂಚೂರೂ ಇಲ್ಲ. ಗುಂಪಿನಿಂದ ಹಾಡಿದ್ದು ಮೆಲ್ಲಿ ಮೆಲ್ ಒಬ್ಬರೇ. ಮುಂದೆ ಹೆಸರು ಯಾರದು, ರಾಯಲ್ಟಿ ಎಲ್ಲಿ ಅಂತ ಕೋರ್ಟಿಗೆ ಹೋಗಬೇಕಾಯ್ತು.

ಹರ್ಕ್? 1977ರಲ್ಲಿ ತಾವೇ ನಡೆಸ್ತಿದ್ದ ಪಾರ್ಟಿಯಲ್ಲಿ ಜಗಳ ಬಿಡಿಸೋಕೆ ಹೋಗಿ ಚೂರಿ ಇರಿತಕ್ಕೆ ಒಳಗಾದ್ರು. ಆಮೇಲೆ ನಿಧಾನಕ್ಕೆ ಹಿಂದೆ ಸರಿದ್ರು. ಬೇರೆಯವರು ರೆಕಾರ್ಡ್ ಮಾಡಿ ಶ್ರೀಮಂತರಾಗ್ತಿದ್ದ ಆ ವರ್ಷಗಳಲ್ಲಿ ಅವರ ಹೆಸರಲ್ಲಿ ಒಂದು ಹಿಟ್ ರೆಕಾರ್ಡೂ ಇಲ್ಲ. 2011ರಲ್ಲಿ ಆಪರೇಷನ್‌ಗೆ ಬೇಕಾದ ವಿಮೆ ಇಲ್ಲ ಅಂತ ಸುದ್ದಿ ಆಯ್ತು, ಅಭಿಮಾನಿಗಳು ದುಡ್ಡು ಸೇರಿಸೋಕೆ ಓಡಾಡಿದ್ರು. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನ ಸೇರಿಸ್ಕೊಂಡಿದ್ದು 2023ರಲ್ಲಿ, ಆ ಪಾರ್ಟಿಗೆ 50 ವರ್ಷ ತುಂಬಿದ ಮೇಲೆ. ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್‌ಗೆ ಆ ಗೌರವ 2007ರಲ್ಲೇ ಸಿಕ್ಕಿತ್ತು.

ಆಮೇಲೆ ಸಿಂಡಿ. 2007ರ ಹೊತ್ತಿಗೆ 1520 ಸೆಜ್‌ವಿಕ್ ಕಟ್ಟಡದ ಮಾಲೀಕರು ಕಡಿಮೆ ಬಾಡಿಗೆಯ ಸರ್ಕಾರಿ ಯೋಜನೆಯಿಂದ ಅದನ್ನ ಹೊರಗೆ ತರೋಕೆ ನೋಡ್ತಿದ್ರು. ಬಾಡಿಗೆದಾರರು ಬೀದಿಗೆ ಬೀಳೋ ಭಯ. ಆಗ ಸಿಂಡಿ, ಹರ್ಕ್, ಅಲ್ಲಿನ ನಿವಾಸಿಗಳು ಸೇರಿ ಇದು ಹಿಪ್‌ಹಾಪ್ ಹುಟ್ಟಿದ ಜಾಗ ಅಂತ ಅಧಿಕಾರಿಗಳ ಮುಂದೆ, ಪತ್ರಕರ್ತರ ಮುಂದೆ ನಿಂತ್ರು. ನ್ಯೂಯಾರ್ಕ್ ರಾಜ್ಯ ಅದನ್ನ ಆ ವರ್ಷವೇ ಒಪ್ಕೊಳ್ತು. 34 ವರ್ಷ ಹಿಂದೆ ಇಂಡೆಕ್ಸ್ ಕಾರ್ಡ್ ಹಂಚಿದವಳು ಈ ಸಲ ಅದೇ ಪಾರ್ಟಿಯನ್ನ ಮತ್ತೊಮ್ಮೆ ಪ್ರಮೋಟ್ ಮಾಡಿದ್ರು. ಈ ಸಲ ಬಟ್ಟೆಗಾಗಿ ಅಲ್ಲ, ಮನೆಗಳಿಗಾಗಿ. 2022ರಲ್ಲಿ ಕ್ರಿಸ್ಟೀಸ್ ಹರಾಜು ಸಂಸ್ಥೆ ಹರ್ಕ್ ಅವರ ಹಳೇ ಸಾಮಾನುಗಳನ್ನ ಹರಾಜಿಗಿಟ್ಟಾಗ ಕೈಬರಹದ ಆಹ್ವಾನದ ಕಾರ್ಡೂ ಅದರಲ್ಲಿತ್ತು.

ಈಗ ನಮ್ಮ ಮನೆ ಹಾಲ್‌ಗೆ ವಾಪಸ್. ತಮ್ಮ ಅಷ್ಟೂ ಕೇಳಿಸ್ಕೊಂಡ. "ಅಕ್ಕ, ಲೇಬಲ್ ಕೀಳೋಣ ಅಂದ್ರೆ ಈಗ ಶಜಾಮ್ ಇದೆ. ಫೋನ್ ಮೇಲೆತ್ತಿದ್ರೆ ಹತ್ತು ಸೆಕೆಂಡಲ್ಲಿ ಯಾವ ಹಾಡು ಅಂತ ಹೇಳುತ್ತೆ. ನನ್ನ ಹತ್ರ ಗುಟ್ಟು ಅಂತ ಏನಿದೆ?" ಅಂದ.

ಸರಿಯಾದ ಪ್ರಶ್ನೆ. ನಾನು ಅವನ ಹಳೇ ಬುಕಿಂಗ್‌ಗಳ ಲೆಕ್ಕ ತೆಗೆದೆ. ಎರಡು ವರ್ಷದಲ್ಲಿ ಮಾಡಿದ 38 ಕಾರ್ಯಕ್ರಮದಲ್ಲಿ ಪೇಜ್ ನೋಡಿ ಕರೆದವರು 3 ಜನ. ಉಳಿದವರೆಲ್ಲ ಹಿಂದಿನ ಯಾವುದೋ ಮದುವೆಯಲ್ಲಿ ಕುಣಿದವರು, ಅವರ ನೆಂಟರು, ಇಲ್ಲ ಒಬ್ಬ ಶಾಮಿಯಾನದವರು ಹೇಳಿ ಕಳಿಸಿದವರು. ರೆಸಾರ್ಟಿನ ಟ್ಯಾಗಿಂದ ಬಂದಿದ್ದು ಸೊನ್ನೆ. ಅವನು ಮಾತ್ರ ಗಮನಿಸದ ಇನ್ನೊಂದು ವಿಷಯ ಸಿಕ್ತು. ಅರಿಶಿನ ಶಾಸ್ತ್ರದ ಕಾರ್ಯಕ್ರಮಕ್ಕೆ ಅವನನ್ನ ಮತ್ತೆ ಮತ್ತೆ ಕರೀತಾರೆ. ಯಾಕಂದ್ರೆ ಅಜ್ಜಿಯರು ಕೂತಿರುವಾಗ 70ರ ದಶಕದ ಕನ್ನಡ ಹಾಡುಗಳನ್ನ ತಾಳ ತಪ್ಪದೆ ಈಗಿನ ಬೀಟ್‌ಗೆ ಕೂಡಿಸ್ತಾನೆ. ಅವರು ಎದ್ದು ನಿಲ್ಲೋದನ್ನ ನಾನೇ ನೋಡಿದೀನಿ. ಅವನಿಗೆ ಅದು ನಾಚಿಕೆ, ಪೇಜಲ್ಲಿ ಒಂದು ವಿಡಿಯೋನೂ ಹಾಕಿಲ್ಲ. ಹಾಕಿರೋದೆಲ್ಲ ಹೊಗೆ, ಲೇಸರ್ ಲೈಟು, ಕೂಲಿಂಗ್ ಗ್ಲಾಸು.

ಕಂಟ್ರೋಲರ್ ಇನ್ನೂ ಮಾರಿಲ್ಲ. ಇಎಂಐ ಇನ್ನು 9 ಇದೆ. ಅಲ್ಲೀವರೆಗೆ ನೋಡೋಣ ಅಂತ ಮಾತಾಗಿದೆ. ಅಡ್ವಾನ್ಸ್ ಅರ್ಧ ಬರದೆ ಕೇಬಲ್ ಬಿಚ್ಚಲ್ಲ ಅನ್ನೋದು ಹೊಸ ರೂಲ್, ಅಡ್ವಾನ್ಸ್ ಕೇಳೋದು ನನ್ನ ಕೆಲಸ.

ಕಾರ್ಡ್ ವಿಷಯ ಅವನಿಗೆ ಯಾಕೆ ಹೇಳಲಿಲ್ಲ ಅಂದ್ರೆ, ಹೇಳಿದ್ರೆ ಪಾಪ ಅಂತ ನನ್ನ ಹೆಸರನ್ನ ಎಲ್ಲಾದ್ರೂ ಸೇರಿಸ್ತಾನೆ ಅಂತ ಗೊತ್ತಿತ್ತು. ಕೇಳಿ ಹಾಕಿಸ್ಕೊಳ್ಳೋದು ಇಷ್ಟ ಇರಲಿಲ್ಲ. ಹೋದ ವಾರ ಹೊಸ ಬ್ಯಾನರ್‌ನ ಪ್ರೂಫ್ ವಾಟ್ಸಾಪ್‌ಗೆ ಕಳಿಸಿದ್ದ. ದೊಡ್ಡದಾಗಿ ಅವನ ಹೆಸರು. ಕೆಳಗಡೆ 'ಬುಕಿಂಗ್‌ಗಾಗಿ' ಅಂತ ನನ್ನ ನಂಬರ್ ಹಾಕಿ, ಪಕ್ಕದಲ್ಲಿ 'ಅಕ್ಕ' ಅಂತ ಬರೆಸಿದ್ದಾನೆ. ಹೆಸರಿಲ್ಲ, ಬರೀ ಅಕ್ಕ. ಈ ಎಪಿಸೋಡ್ ರೆಕಾರ್ಡ್ ಮಾಡೋ ಹೊತ್ತಿಗೆ ಅದಕ್ಕೆ ಏನಂತ ಉತ್ತರ ಕಳಿಸೋದು ಅಂತ ನಾನಿನ್ನೂ ಟೈಪ್ ಮಾಡಿ ಅಳಿಸ್ತಾ ಇದ್ದೀನಿ.

ನಿಮ್ಮೂರಿನ ಹಳೇ ಮೈಕ್‌ಸೆಟ್‌ನವರ ಕಥೆ ಗೊತ್ತಿದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಶನಿವಾರ ಸಿಗೋಣ.